ಕೆಂಪು ಹಿಡಿಯ ಚಾಕಿಗೆ ಎಷ್ಟು ಕೊಟ್ರಿ?

ಶಿರಸಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ಫ್ರಿಜ್ಜಿದೆ, ಎರಡು ಕಂಪ್ಯೂಟರುಗಳಿವೆ, ಯಾವ ಕಾಲದಲ್ಲೋ ನಿಂತುಹೋದ ಗೋಡೆ ಗಡಿಯಾರವೂ ಇದೆ. ಚಾಕು ಮಾತ್ರ ಇಲ್ಲ. ಇಲ್ಲ ಎಂಬುದು ನೆನಪಾಗುವುದು ಯಾರಾದರೂ ಹಣ್ಣು ತಂದ ದಿನ. ಮೊನ್ನೆ ಅಟೆಂಡರ್ ಬಸಣ್ಣ ತನ್ನೂರು ಕಿರವತ್ತಿಯಿಂದ ಒಂದು ಪಪ್ಪಾಯಿ ತಂದು ಮೇಜಿನ ಮೇಲೆ ಇಟ್ಟ. ಎಲ್ಲರೂ ಸುತ್ತ ಸೇರಿದೆವು. ಗಣಿತದ ಭಟ್ ಸರ್ ಸ್ಟೀಲಿನ ಅಡಿಪಟ್ಟಿ ಎತ್ತಿಕೊಂಡರು.

"ಅದರಲ್ಲಿ ಬೆಳಿಗ್ಗೆ ತಾನೆ ಪ್ರಶ್ನೆಪತ್ರಿಕೆ ಹರಿದಿದ್ದೀರಿ ಮಾರಾಯ್ರೆ!" ಎಂದು ಕನ್ನಡದ ಶಾಂತಾ ಮೇಡಂ ತಡೆದರು.

ನಾನು ಬ್ಯಾಗಿನ ಜಿಪ್ ಎಳೆದು, ಒಳಗಿನ ಕಿಸೆಯಿಂದ ಕೆಂಪು ಹಿಡಿಯ ಮಡಚುವ ಚಾಕು ತೆಗೆದು ಮೇಜಿನ ಮೇಲೆ ಇಟ್ಟೆ.

ಸುಮ್ಮನೆ ಹಣ್ಣು ಕೊಯ್ದು ತಿಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಚಾಕು ಕಂಡ ಕೂಡಲೇ ಮನುಷ್ಯರ ಕೈ ತಾನಾಗಿ ಚಾಚಿಕೊಳ್ಳುತ್ತದೆ. ಒಳ್ಳೆಯ ಪುಸ್ತಕವನ್ನು ಅದೇ ಮೇಜಿನ ಮೇಲೆ ವಾರಗಟ್ಟಲೆ ಇಟ್ಟು ನೋಡಿದ್ದೇನೆ, ಯಾರೂ ಮುಟ್ಟಿಲ್ಲ. ಚಾಕನ್ನು ಮುಟ್ಟದವರಿಲ್ಲ, ಮುಟ್ಟಿದ ಮೇಲೆ ತೀರ್ಪು ಕೊಡದವರೂ ಇಲ್ಲ. ಭಟ್ ಸರ್ ತಲೆ ಒಂದು ಕಡೆ ವಾಲಿಸಿ, ವೈದ್ಯರು ಎದೆಬಡಿತ ಕೇಳುವ ಹಾಗೆ ಕಿವಿ ಕೊಟ್ಟು, ಅದನ್ನು ಮತ್ತೆ ಮತ್ತೆ ತೆರೆದು ಮುಚ್ಚಿದರು. "ಒಳ್ಳೆ ಚಾಕು ಮುಚ್ಚುವಾಗ ಟಕ್ ಅನ್ನಬೇಕು ಮೇಡಂ. ಇದು ಎಂತದೋ ಪುಸ್ ಅಂತದೆ. ನಲವತ್ತು ರೂಪಾಯಿ. ಅದಕ್ಕಿಂತ ಮೇಲೆ ಬೇಡ" ಎಂದರು. ಶಾಂತಾ ಮೇಡಂ ಅದನ್ನು ಅಂಗೈಯಲ್ಲಿಟ್ಟು, ಅಕ್ಕಸಾಲಿಗರ ಅಂಗಡಿಯಲ್ಲಿ ಬಳೆ ತೂಗಿದಂತೆ ಮೇಲೆ ಕೆಳಗೆ ಮಾಡಿದರು. "ಹಗುರ. ಆದ್ರೆ ಹಳೇದು. ಹಳೇದಕ್ಕೆ ಈಗ ಬೆಲೆ. ಪೇಟೆಯವರು ಐನೂರು ಕೊಟ್ಟು ತಗೊಂಡು ಗೋಡೆಗೆ ತೂಗು ಹಾಕ್ತಾರೆ." ಬಸಣ್ಣ ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಮಗ್ಗುಲು ಹುಡುಕಿದ. "ಹೆಸರ ಇಲ್ಲಲ್ರೀ ಮೇಡಂ. ಎಲ್ಲಿ ಮಾಡ್ಯಾರ ಅಂತ ಬರದಿರಬೇಕ್ರಿ. ಹೆಸರಿಲ್ಲದ ಚಾಕೂಗೆ ಏನ್ ಕಿಮ್ಮತ್ತ?"

"ಅದೆಲ್ಲ ಇರಲಿ. ಖರೆ ಹೇಳಿ, ಎಷ್ಟು ಕೊಟ್ರಿ?" ಭಟ್ ಸರ್ ನೇರವಾಗಿ ಕೇಳಿದರು.

ನಾನು ಪಪ್ಪಾಯಿ ಕೊಯ್ಯತೊಡಗಿದೆ. ಬಾಯಿಗೆ ಕೆಲಸ ಕೊಟ್ಟರೆ ಪ್ರಶ್ನೆ ಸ್ವಲ್ಪ ಹೊತ್ತು ತಡೆಯುತ್ತದೆ.

ನಾನು ಪಾಠ ಮಾಡುವುದು ಅರ್ಥಶಾಸ್ತ್ರ. ವಸ್ತುವಿನ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಎರಡು ಗೆರೆ ಅಡ್ಡ ಎಳೆದು, ಅವು ಸೇರುವಲ್ಲಿ ಒಂದು ಚುಕ್ಕೆ ಇಟ್ಟು, "ಇದೇ ಬೆಲೆ" ಎಂದು ಹೇಳಿ ಕೈ ಒರೆಸಿಕೊಂಡು ಬರುತ್ತೇನೆ. ಅಂಗಡಿಗೆ ಹೋಗಿ ಚಾಕು ಕೈಗೆತ್ತಿಕೊಂಡರೆ ಆ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ. ಉಕ್ಕಿನಲ್ಲಿ ಜಾತಿಗಳಿವೆಯಂತೆ, ಹದಗಳಿವೆಯಂತೆ. ಅದೆಲ್ಲ ತಿಳಿದವರಿಗೆ. ನನ್ನ ಅಳತೆಗೋಲು ಬೇರೆ. ಅಂಗಡಿಯವನು ಚಾಕನ್ನು ಬಾಗಿಲಲ್ಲಿ ನೇತುಹಾಕಿದ ರಟ್ಟಿನಿಂದ ಕಿತ್ತು ಕೊಟ್ಟರೆ ಅದು ಸೋವಿ. ಡಬ್ಬಿಯಿಂದ ತೆಗೆದರೆ ಮಧ್ಯಮ. ಸೊಂಟದ ಕೀಲಿ ತೆಗೆದು, ಗಾಜಿನ ಕಪಾಟಿನ ಬೀಗ ಬಿಚ್ಚಿ, ಹಳದಿ ಬಟ್ಟೆಯಲ್ಲಿ ಒರೆಸಿ, "ನಿಧಾನ, ಕೈ ಜೋಪಾನ" ಅಂದನೋ, ಅದು ಉತ್ತಮ. ಬೀಗದ ಸದ್ದಿಗೇ ನಾನು ನೂರು ರೂಪಾಯಿ ಹೆಚ್ಚು ಕೊಡುತ್ತೇನೆ. ನಗಬೇಡಿ, ನೀವೂ ಏನೋ ಒಂದು ನೋಡಿಯೇ ಕೊಟ್ಟಿರುತ್ತೀರಿ.

ಚಾಕಿನ ಬಗ್ಗೆ ಏನೂ ತಿಳಿಯದವರಲ್ಲಿ ನನ್ನ ಅಪ್ಪನಷ್ಟು ಧೈರ್ಯವಂತರನ್ನು ನಾನು ಕಂಡಿಲ್ಲ. ಹೊಸ ಚಾಕು ಯಾರದೇ ಇರಲಿ, ಅವನ ಪರೀಕ್ಷೆ ಒಂದೇ. ಎಡ ಮುಂಗೈಗೆ ಉಗುಳು ಸವರಿ, ಅಲ್ಲಿನ ಕೂದಲನ್ನು ಕೆರೆದು ತೆಗೆಯುವುದು. ಬೋಳಾದರೆ ಚಾಕು ಪಾಸು. ಹೆಗ್ಗರಣೆ ಹತ್ತಿರದ ನಮ್ಮ ಕೇರಿಯಲ್ಲಿ ಅಪ್ಪನ ಮುಂಗೈ ಒಂದು ನೋಟೀಸ್ ಬೋರ್ಡು. ಅಲ್ಲೊಂದು ಬೋಳು ಚೌಕ ಕಂಡರೆ "ಯಾರ ಮನೆಗೆ ಬಂತು ಹೊಸ ಚಾಕು?" ಎಂದು ಜನ ಕೇಳುತ್ತಿದ್ದರು. ಅಪ್ಪ ಪಾಸು ಮಾಡಿದ ಅದೆಷ್ಟೋ ಚಾಕುಗಳು ಮರುವಾರವೇ ಸೌತೆಕಾಯಿಗೂ ಸೋತವು. ಅದರಿಂದ ಅವನ ಪರೀಕ್ಷೆಯ ಮೇಲೆ ಅವನಿಗೆ ಅನುಮಾನವೇನೂ ಬರಲಿಲ್ಲ. "ಕೂದ್ಲು ತೆಗೀತಿತ್ತಲ್ಲ!" ಎಂದು ಸೌತೆಕಾಯಿಯನ್ನೇ ದೂರುತ್ತಿದ್ದ.

ಈಗ ನನ್ನ ಬ್ಯಾಗಿನಲ್ಲಿರುವುದು ಅವ್ವನ ಚಾಕು. ಅವ್ವ ಹೆಗಡೇರ ನರ್ಸರಿಯಲ್ಲಿ ಕಸಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿ ಮಾವಿನ ಕುಡಿಯನ್ನು ಕಾಡಿನ ಕಾಟು ಮಾವಿನ ಸಸಿಗೆ ಸೇರಿಸಿ ಪಟ್ಟಿ ಸುತ್ತುವ ಕೆಲಸ. ನರ್ಸರಿಯ ಚಾಕುಗಳು ಒಂದು ಬುಟ್ಟಿಯಲ್ಲಿರುತ್ತಿದ್ದವು. ಬೆಳಿಗ್ಗೆ ಮೊದಲು ಬಂದವರಿಗೆ ಒಳ್ಳೆಯದು, ಕೊನೆಗೆ ಬಂದವರಿಗೆ ಮೊಂಡು. ಆ ಬುಟ್ಟಿಯ ಚಾಕಿನಲ್ಲಿ ಮಾಡಿದವರಿಗೆ ದಿನಗೂಲಿ. ಸ್ವಂತ ಚಾಕು ತಂದವರಿಗೆ ಗಿಡದ ಲೆಕ್ಕ, ಕಟ್ಟಿದಷ್ಟು ದುಡ್ಡು. ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅವ್ವ ಸ್ವಂತ ಚಾಕು ಕೊಳ್ಳಲು ಶಿರಸಿಗೆ ಹೊರಟಳು. "ಇವಳನ್ನ ಹೈಸ್ಕೂಲಿಗೆ ಹಾಕೂದು ದಿನಗೂಲಿಯಲ್ಲಿ ಆಗೂದಲ್ಲ" ಎಂದು ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತ್ತು. ನನ್ನನ್ನೂ ಕರೆದುಕೊಂಡು ಹೋದಳು.

ಕಬ್ಬಿಣ ಸಾಮಾನಿನ ಅಂಗಡಿಯ ಯಜಮಾನರು ಅವ್ವನನ್ನು ನೋಡಿ, "ಎಂತ ತಂಗಿ, ಮನೆಯವರಿಗಾ?" ಎಂದರು.

"ಅಲ್ಲ, ನಂಗೆ."

ಅವರು ನಾಲ್ಕಾರು ಚಾಕು ಹರಡಿದರು. ಒಂದಕ್ಕೆ ಹಿತ್ತಾಳೆಯ ಕಟ್ಟು. ಒಂದರ ಹಿಡಿ ಜಿಂಕೆ ಕೊಂಬಿನಂತೆ ಕಾಣುವ ಪ್ಲಾಸ್ಟಿಕ್ಕು. ನನಗೆ ಆ ಕೊಂಬೇ ಬೇಕಿತ್ತು. ಅವ್ವ ಯಾವುದನ್ನೂ ಮುಟ್ಟದೆ, "ಒಂಚೂರು ನೀರು ಕೊಡಿ" ಎಂದಳು. ಕುಡಿಯಲು ಎಂದುಕೊಂಡು ಅವರು ಲೋಟದಲ್ಲಿ ಕೊಟ್ಟರು. ಅವ್ವ ಅದನ್ನು ಮೆಟ್ಟಿಲ ಮೇಲೆ ನಿಂತು ಎರಡೂ ಕೈಗೆ ಸುರಿದುಕೊಂಡು, ಒದ್ದೆ ಕೈಯಲ್ಲೇ ಒಂದೊಂದು ಚಾಕು ಎತ್ತಿ ಹೆಬ್ಬೆರಳ ಉಗುರಿನಿಂದ ತೆರೆಯತೊಡಗಿದಳು. ಮಾವಿನ ಸೊನೆ ಹತ್ತಿದ ಕೈ ಯಾವಾಗಲೂ ಒಂದೋ ಜಾರುತ್ತದೆ, ಇಲ್ಲವೇ ಅಂಟುತ್ತದೆ, ಅವಳ ಯೋಚನೆ ಅದು. ಹಿತ್ತಾಳೆಯದು ಜಪ್ಪಯ್ಯ ಅನ್ನಲಿಲ್ಲ. ಜಿಂಕೆ ಕೊಂಬು ಜಾರಿ ಮೊಳೆ ಡಬ್ಬಿಯೊಳಗೆ ಬಿತ್ತು. ಯಜಮಾನರು ಚಾಕಿನ ಬದಲು ಒದ್ದೆಯಾದ ತಮ್ಮ ಮೇಜನ್ನೇ ನೋಡುತ್ತಿದ್ದರು. ಕಡೆಗೆ ಸದ್ದಿಲ್ಲದೆ ತೆರೆದುಕೊಂಡದ್ದು ಒಂದೇ ಮಾದರಿಯ ಎರಡು, ಒಂದು ಕಪ್ಪು, ಒಂದು ಕೆಂಪು.

"ಕೆಂಪಿಗೆ ಹತ್ತು ರೂಪಾಯಿ ಜಾಸ್ತಿ" ಎಂದರು.

"ಎಂತಕ್ಕೆ?"

"ಬಣ್ಣಕ್ಕೆ."

ಸೀರೆಯ ಬಣ್ಣಕ್ಕೆ ಒಂದು ದಿನವೂ ಹೆಚ್ಚು ಕೊಡದ ಅವ್ವ ಅಂದು ಮರುಮಾತಾಡದೆ ಕೊಟ್ಟಳು. ಒಟ್ಟು ನೂರ ಇಪ್ಪತ್ತು. ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ, "ಕೆಂಪು ಚಂದ ಅಂತ ತಗೊಂಡ್ಯಾ ಅವ್ವ?" ಅವಳು ನನ್ನ ತಲೆಗೆ ಮೆಲ್ಲಗೆ ಮೊಟಕಿದಳು. "ದರಕಿನಲ್ಲಿ ಬಿದ್ರೆ ಕಪ್ಪು ಕಾಣ್ತದಾ ಪೆದ್ದಿ?" ದರಕು ಎಂದರೆ ಒಣಗಿ ಉದುರಿದ ಎಲೆ, ನರ್ಸರಿಯ ನೆಲದ ತುಂಬ ಹಾಸಿರುತ್ತದೆ. ಹೀಗೆ ನಮ್ಮ ಮನೆಯ ಚಾಕು ಆಟದ ಸಾಮಾನಿನ ಬಣ್ಣದ್ದಾಯಿತು. ಇವತ್ತಿಗೂ ಅದನ್ನು ನೋಡಿದವರು ಮೊದಲು ಅಂದುಕೊಳ್ಳುವುದು ಜಾತ್ರೆಯಲ್ಲಿ ಸಿಕ್ಕಿದ್ದು ಎಂದೇ.

ಮನೆಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಎಷ್ಟು ಕೊಟ್ಟೆ?"

"ಅರವತ್ತು" ಎಂದಳು ಅವ್ವ, ಕಣ್ಣು ಮಿಟುಕಿಸದೆ.

ನಮ್ಮ ಕಡೆಯ ಈ ಪದ್ಧತಿ ನಿಮಗೆ ಗೊತ್ತಿರಬೇಕು. ಸಿದ್ದಾಪುರದ ಸಂತೆಯಿಂದ ಏನೇ ತಂದರೂ ಹೆಂಗಸರು ಮನೆಯಲ್ಲಿ ಹೇಳುವುದು ಅರ್ಧ ಬೆಲೆ. ಗಂಡಸರು ಅದನ್ನು ಮನಸ್ಸಿನಲ್ಲೇ ದುಪ್ಪಟ್ಟು ಮಾಡಿಕೊಂಡು, ತುಟಿ ಬಿಚ್ಚದೆ ಚಾ ಕುಡಿಯುತ್ತಾರೆ. ಸುಳ್ಳು ಹೇಳಿದವರಿಗೂ ಸಮಾಧಾನ, ಕೇಳಿದವರಿಗೂ ಸತ್ಯ ಸಿಕ್ಕಿತು. ಪಕ್ಕದ ಮನೆಯ ಸುಬ್ಬಕ್ಕನೂ ಅಷ್ಟೇ. "ಅರವತ್ತಾ?" ಎಂದು ಒಂದು ಗಳಿಗೆ ಮೇಲೆ ನೋಡಿ, ದುಪ್ಪಟ್ಟು ಮಾಡಿ ಮುಗಿಸಿ, "ಮೋಸ ಹೋದೆ ಮಾದೇವಿ" ಎಂದಳು. ಬೆಲೆ ಎಷ್ಟೇ ಹೇಳಲಿ, ಮೋಸ ಹೋದೆ ಎನ್ನುವುದೂ ಪದ್ಧತಿಯೇ. ಪುಕ್ಕಟೆ ಸಿಕ್ಕಿತು ಎಂದರೂ ಸುಬ್ಬಕ್ಕ ಹಾಗೇ ಅನ್ನುತ್ತಿದ್ದಳು. ಅಪ್ಪ ಮಾತ್ರ ಅಷ್ಟು ಹೊತ್ತಿಗೆ ಮುಂಗೈಗೆ ಉಗುಳು ಸವರಿಕೊಂಡಿದ್ದ.

ಆ ಚಾಕು ಅವ್ವನ ಸೊಂಟದಲ್ಲಿ, ಎಲೆಯಡಿಕೆ ಸಂಚಿಯೊಳಗೆ ಹೋಗಿ ಕೂತಿತು. ಕಿಸೆಯಲ್ಲಿಡುವ ಚಾಕು ಎಂದು ಹೆಸರು, ಅವ್ವನಿಗೆ ಕಿಸೆಯೇ ಇಲ್ಲ! ಹೈಸ್ಕೂಲು, ಪಿಯುಸಿ, ಡಿಗ್ರಿ, ನಾನು ಒಂದೊಂದು ಮೆಟ್ಟಿಲು ಹತ್ತಿದಂತೆ ಅದರ ಅಲಗು ಕಲ್ಲಿಗೆ ಉಜ್ಜಿ ಉಜ್ಜಿ ಸಣ್ಣಗಾಗುತ್ತ ಬಂತು. ನಾನು ಕೊನೆಯ ಪರೀಕ್ಷೆ ಬರೆಯುವ ಹೊತ್ತಿಗೆ ಅಗಲದಲ್ಲಿ ಅರ್ಧ ಉಳಿದಿತ್ತು. ನಮ್ಮ ಮನೆತನದಲ್ಲಿ, ಅಪ್ಪನ ಕಡೆ ಅವ್ವನ ಕಡೆ ಎರಡೂ ಸೇರಿಸಿ, ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ಪಡುವಷ್ಟು ಸುಲಭವಾಗಿ ಬಂದದ್ದಲ್ಲ ಅದು.

ಶಿರಸಿಯ ಕಾಲೇಜಿನಲ್ಲಿ ಪದವಿ ಕೊಡುವ ಸಮಾರಂಭ. ಯಾರೋ ಮಂತ್ರಿಗಳು ಬರುವವರಿದ್ದರು, ಹಾಗಾಗಿ ಗೇಟಿನಲ್ಲಿ ಪೊಲೀಸರ ತಪಾಸಣೆ. ಮಂತ್ರಿಗಳ ಕಾರು ಒಳಗೆ ಬಂದ ಮೇಲೆ ಗೇಟು ಮುಚ್ಚುತ್ತೇವೆ, ಆಮೇಲೆ ಯಾರನ್ನೂ ಬಿಡುವುದಿಲ್ಲ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಎಮ್ಮೆ ಕರು ಹಾಕುವ ಹೊತ್ತೆಂದು ಅಪ್ಪ ಬಂದಿರಲಿಲ್ಲ. ನಾನು ಕರಿ ಗೌನು ಹಾಕಿಕೊಂಡು ಮುಂದೆ, ಅವ್ವ ಹೊಸ ಸೀರೆ ಉಟ್ಟು ಹಿಂದೆ. ಹೆಂಗಸರನ್ನು ನೋಡಲು ಒಬ್ಬರು ಮಹಿಳಾ ಪೊಲೀಸರಿದ್ದರು, ಮಾತು ಕೇಳಿದರೆ ಹಾವೇರಿ ಕಡೆಯವರು. ಅವರ ಕೈಯ ಯಂತ್ರ ಅವ್ವನ ಸೊಂಟದ ಹತ್ತಿರ ಕೀಂಯ್ ಎಂದಿತು.

"ಸಂಚ್ಯಾಗ ಏನೈತ್ರಿ ಅಮ್ಮಾ? ತಗೀರಿ ಹೊರಗ."

ಅವ್ವ ಚಾಕು ತೆಗೆದು ಮೇಜಿನ ಮೇಲೆ ಇಟ್ಟಳು.

"ಅಲ್ಲಿಟ್ರ ಹೆಂಗ? ಕೈಯಾಗ ಕೊಡ್ರಿ."

"ಚಾಕು ಕೈಗೆ ಕೊಡೂದಿಲ್ಲ. ಜಗಳ ಆಗ್ತದೆ."

"ಈಗ ಆಗೂದೂ ಜಗಳನ ಮತ್ತ!" ಎಂದು ಅವರು ತಾವೇ ಎತ್ತಿಕೊಂಡು ತೆರೆದರು. ಕೆಂಪು ಹಿಡಿ ನೋಡಿದರು, ಸವೆದ ಅಲಗು ನೋಡಿದರು. ತೀರ್ಪು ಬಂತು. "ಅರ್ಧ ಸವದೈತಿ. ಇಪ್ಪತ್ತು ರೂಪಾಯೀನೂ ಬಾಳೂದಿಲ್ಲ ಇದು. ಅಲ್ಲಿ ಬಕೀಟಿನ್ಯಾಗ ಒಗೀರಿ, ಹೋಗೂ ಮುಂದ ಬೇಕಾದ್ರ ಆರಿಸ್ಕೊಂಡು ಹೋಗ್ರಿ."

ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಬಕೆಟ್ ಇತ್ತು. ಅದರಲ್ಲಿ ಲೈಟರು, ಬ್ಲೇಡು, ಗುಟ್ಕಾ ಚೀಟಿ, ಯಾರದೋ ಅರ್ಧ ಕುಡಿದ ತಂಪು ಪಾನೀಯದ ಬಾಟಲಿ. ಅವ್ವ ಅದರೊಳಗೆ ಇಣುಕಿ ನೋಡಿ ತಲೆ ಅಲ್ಲಾಡಿಸಿದಳು.

"ಇದಕ್ಕೆ ಹಾಕೂದಿಲ್ಲ. ಯಾರಾದ್ರೂ ತಗೊಂಡು ಹೋದ್ರೆ?"

"ಇಂಥಾ ಸವದ ಚಾಕೂ ಯಾರು ಒಯ್ತಾರ್ರೀ ಅಮ್ಮಾ?"

"ಸವೆದದ್ದು ಕೆಲ್ಸ ಮಾಡಿ. ಕೆಟ್ಟದ್ದಾಗಿದ್ರೆ ಸವೆಯೂ ತನಕ ಇಟ್ಕೊಳ್ತಿದ್ನಾ?"

ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಮೈಕಿನಲ್ಲಿ ಪದವೀಧರರು ಒಳಗೆ ಬರಬೇಕು ಎಂದು ಕರೆಯುತ್ತಿದ್ದರು. ಅವ್ವ ನನ್ನ ಗೌನಿನ ತೋಳು ನೆಟ್ಟಗೆ ಮಾಡಿ ಹೇಳಿದಳು, "ನೀ ಹೋಗಿ ತಗೊಂಡು ಬಾ. ನಾ ಇಲ್ಲೇ ಮರದ ಬುಡಕ್ಕೆ ಕೂತಿರ್ತೆ."

ನನಗೆ ಸಿಟ್ಟು ನೆತ್ತಿಗೇರಿತು. "ಅವ್ವ, ಚಾಕು ದೊಡ್ಡದಾ ನಾನು ದೊಡ್ಡವಳಾ? ನೀನು ನೋಡದೆ ನಾನು ಅಲ್ಲಿ ಹತ್ತಿ ಎಂತ ಮಾಡ್ಲಿ?"

ಅವ್ವ ಗೇಟನ್ನು ನೋಡಿದಳು, ಬಕೆಟನ್ನು ನೋಡಿದಳು. ಅವಳಿಗೆ ಒಳಗೆ ಬರಬೇಕಿತ್ತು. ಹೊಸ ಸೀರೆಯ ಮಡಿಕೆಯೇ ಅದನ್ನು ಹೇಳುತ್ತಿತ್ತು. ಆದರೂ ಕಾಲು ಏಳಲಿಲ್ಲ. "ಅದಿಲ್ದೇ ಹೋಗಿದ್ರೆ ನೀ ಇಲ್ಲಿಗೆ ಎಲ್ಲಿ ಬರ್ತಿದ್ದೆ ಮಾರಾಯ್ತಿ? ಅದನ್ನ ಗುಟ್ಕಾ ಚೀಟಿ ಸಂಗಡ ಬಿಟ್ಟು ನಾ ಹೆಂಗೆ ಒಳಗೆ ಕೂರೂದು?"

ಮಹಿಳಾ ಪೊಲೀಸರ ಕೈಯಲ್ಲಿ ಚಾಕು ಇನ್ನೂ ತೆರೆದೇ ಇತ್ತು. "ಏನ್ ಮಾಡ್ತೀರಿ ಇದರಾಗ?" ಎಂದು ಕೇಳಿದರು.

"ಕಸಿ ಕಟ್ಟೂದು. ಮಾವಿನ ಗಿಡ."

"ಅದರಾಗ ಈಕೀನ ಓದಿಸೀರೇನು?"

"ಮತ್ತೆಂತದ್ರಲ್ಲಿ?"

ಅವರು ನನ್ನ ಗೌನನ್ನು ಮೇಲಿಂದ ಕೆಳಗೆ ನೋಡಿದರು. ಚಾಕನ್ನು ಮತ್ತೊಮ್ಮೆ ನೋಡಿದರು. ಈ ಸಲ ನೋಡಿದ್ದು ಬೇರೆ ಥರ, ಬೆಲೆ ಕಟ್ಟುವವರ ನೋಟ ಅದಲ್ಲ. ಅಲಗನ್ನು ಹುಷಾರಾಗಿ ಮಡಚಿ, ತಮ್ಮ ಖಾಕಿ ಅಂಗಿಯ ಎದೆ ಕಿಸೆಗೆ ಇಳಿಸಿ, ಮೇಲಿನ ಗುಂಡಿ ಹಾಕಿದರು. "ಇಲ್ಲಿ ಇರ್ತದ. ಇನ್ನೇನ್ ನೋಡ್ತೀರಿ? ಹೋಗ್ರಿ ಒಳಗ. ಸಾಹೇಬ್ರ ಗಾಡಿ ಬಂತಂದ್ರ ನನಗೂ ಬಿಡಾಕ ಬರೂದಿಲ್ಲ."

ಅಷ್ಟು ವರ್ಷ ಸೊಂಟದ ಸಂಚಿಯಲ್ಲಿ ಬಾಳಿದ ಆ ಚಾಕು ಕಿಸೆ ಎಂಬುದನ್ನು ಕಂಡದ್ದು ಅಂದೇ. ಅದೂ ಸರಕಾರದ ಕಿಸೆ!

ಒಳಗೆ ನನ್ನ ಹೆಸರು ಕೂಗಿದಾಗ ವೇದಿಕೆಯ ಮೇಲಿಂದ ಹಿಂದಿನ ಸಾಲು ನೋಡಿದೆ. ಅಷ್ಟು ದೊಡ್ಡ ಸಭೆಯಲ್ಲಿ ಅವ್ವ ಒಬ್ಬಳೇ ಎದ್ದು ನಿಂತಿದ್ದಳು. ಬಿಲ್ಲೆ ಹಾಕಿಕೊಂಡ ಸ್ವಯಂಸೇವಕರು ಕೂರಿ ಕೂರಿ ಎಂದು ಕೈಸನ್ನೆ ಮಾಡುತ್ತಿದ್ದರು. ಅವಳಿಗೆ ಅದು ಕಾಣಲೇ ಇಲ್ಲ. ನನ್ನ ನಂತರ ಇನ್ನೊಬ್ಬರ ಹೆಸರು ಕೂಗಿದರು, ಅವರ ನಂತರ ಮತ್ತೊಬ್ಬರದು. ಅವಳು ನಿಂತೇ ಇದ್ದಳು. ತಮಗೇ ಎದ್ದು ನಿಂತ ಹಾಗಾಯಿತೆಂದು ಆ ಇಬ್ಬರೂ ಖುಷಿಪಟ್ಟಿರಬೇಕು.

ಮುಗಿಸಿ ಹೊರಬಂದರೆ ಗೇಟಿನಲ್ಲಿ ಆ ಪೊಲೀಸಿನವರಿಲ್ಲ. ಬೇರೆ ಯಾರೋ ನಿಂತಿದ್ದರು. "ಅವ್ರ ಡ್ಯೂಟಿ ಮುಗೀತು" ಎಂದರು. ಅವ್ವ ಬರಿದಾದ ಸಂಚಿಯ ಮೇಲೆ ಕೈ ಇಟ್ಟುಕೊಂಡು ರಸ್ತೆಯ ಎರಡೂ ಕಡೆ ನೋಡಿದಳು. ನಾನು ಪ್ರಮಾಣಪತ್ರದ ಸುರುಳಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಯಾರಾದರೂ ಸುರುಳಿ ತಗೊಂಡು ಚಾಕು ಕೊಡುತ್ತೇನೆ ಅಂದಿದ್ದರೆ ಕೊಟ್ಟುಬಿಡುತ್ತಿದ್ದೆನೇನೋ.

ಅಷ್ಟರಲ್ಲಿ ಎದುರಿನ ಖಾನಾವಳಿಯಿಂದ ಖಾಕಿ ಅಂಗಿಯೊಂದು ಕೈ ಒರೆಸಿಕೊಳ್ಳುತ್ತ ಹೊರಬಂತು. "ಎಲ್ಲಿ ಓಡಿ ಹೋಗ್ತಿದ್ದೆ ಅಂದ್ಕೊಂಡ್ರಿ? ಉಂಡು ಬರೂದ್ರಾಗ ಮಾರಿ ಸಣ್ಣ ಮಾಡೀರಲ್ಲ!" ಎನ್ನುತ್ತ ಎದೆ ಕಿಸೆಯ ಗುಂಡಿ ಬಿಚ್ಚಿದರು. ಅವ್ವ ಅಭ್ಯಾಸ ಮರೆತು ಎರಡೂ ಕೈ ಒಡ್ಡಿದಳು. ಅವರು ಕೊಡಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಚಾಕನ್ನು ಇಟ್ಟು ಒಂದು ಹೆಜ್ಜೆ ಹಿಂದೆ ಸರಿದರು. "ಕೈಯಾಗ ಬ್ಯಾಡ್ರಿ. ನಮ್ಮಿಬ್ಬರಿಗೂ ಜಗಳ ಯಾಕ?"

ಅವ್ವ ನಕ್ಕಳು. ಚಾಕು ಎತ್ತಿಕೊಂಡು, ತೆರೆದು, ಮುಚ್ಚಿ, ಸಂಚಿಗೆ ಸೇರಿಸಿದಳು.

"ಅಮ್ಮಾ, ಒಂದು ಮಾತು" ಎಂದರು ಅವರು. "ನಾ ಇಪ್ಪತ್ತು ರೂಪಾಯಿ ಅಂದೆ. ಖರೇ ಹೇಳ್ರಿ, ಎಷ್ಟು ಕೊಟ್ಟೀರಿ ಇದಕ್ಕ?"

ಅರವತ್ತು ಎನ್ನುತ್ತಾಳೆ ಎಂದು ನಾನು ಕಾದೆ. ಅಪ್ಪನಿಗೆ, ಸುಬ್ಬಕ್ಕನಿಗೆ, ಹೆಗಡೇರಿಗೆ, ಕೇಳಿದವರಿಗೆಲ್ಲ ಅವಳು ಹೇಳಿಕೊಂಡು ಬಂದದ್ದು ಅರವತ್ತೇ. ಅವ್ವ ಒಮ್ಮೆ ನನ್ನನ್ನೂ ಆ ಕರಿ ಗೌನನ್ನೂ ನೋಡಿದಳು. ಸೆರಗು ಸರಿ ಮಾಡಿಕೊಂಡಳು.

"ಇನ್ನೂರ ನಲವತ್ತು" ಎಂದಳು.

"ಅಬ್ಬಬ್ಬಾ! ಅದಕ್ಕ ಬಕೀಟಿಗೆ ಹಾಕ್ಲಿಲ್ಲ ನೋಡ್ರಿ!"

ಹುಟ್ಟಿದಾಗಿನಿಂದ ಕಂಡ ಅವ್ವನ ಬಾಯಲ್ಲಿ ಬೆಲೆ ಹೆಚ್ಚಾಗಿ ಬಂದದ್ದು ಅದೊಂದೇ ಸಲ. ಬಸ್ ಸ್ಟ್ಯಾಂಡಿನ ತನಕ ಅವಳು ನನ್ನ ಮುಂದೆಯೇ ನಡೆದಳು, ರಸ್ತೆ ಅವಳ ಹೆಸರಿಗೆ ಬರೆದುಕೊಟ್ಟಂತೆ.

ಮುಂದೆ ನಾನು ಎಂ.ಎ. ಮಾಡಿ, ಕೆಲಸ ಸಿಕ್ಕಿ, ಮೊದಲ ಸಂಬಳದಲ್ಲಿ ಅವ್ವನಿಗೊಂದು ಚಾಕು ತಂದೆ. ಬೀಗ ತೆಗೆದು ಕೊಟ್ಟದ್ದೇ ಮತ್ತೆ. ಅದರ ಹೊಟ್ಟೆಯೊಳಗೆ ಕತ್ತರಿ, ಗರಗಸ, ಚಿಮಟ, ಬಾಟಲಿ ತೆಗೆಯುವುದು, ಹಲ್ಲುಕಡ್ಡಿ ಎಲ್ಲ ಇದ್ದವು. ನಾನೂ ಅರ್ಧ ಬೆಲೆ ಹೇಳಿದೆ. ಅವಳು ಮನಸ್ಸಿನಲ್ಲೇ ದುಪ್ಪಟ್ಟು ಮಾಡಿದ್ದು ಅವಳ ಹುಬ್ಬಿನಲ್ಲಿ ಕಂಡಿತು. ಒಂದೊಂದನ್ನೇ ಬಿಚ್ಚಿಸಿ ನೋಡಿ, "ಇಷ್ಟೆಲ್ಲ ಜನ ಒಂದೇ ಮನೇಲಿದ್ರೆ ಕೆಲ್ಸ ಮಾಡೂದು ಯಾರು?" ಎಂದಳು. ಹಲ್ಲುಕಡ್ಡಿಯನ್ನು ಮಾತ್ರ ಇವತ್ತಿಗೂ ಉಪಯೋಗಿಸುತ್ತಾಳೆ. ಉಳಿದ ಸಂಸಾರ ಟಿವಿ ಪಕ್ಕದಲ್ಲಿ ಪ್ರದರ್ಶನಕ್ಕಿದೆ. ಕೆಲಸಕ್ಕೆ ಅದೇ ಅಂಗಡಿಯಿಂದ ಇನ್ನೊಂದು ಕೆಂಪು ಹಿಡಿಯದನ್ನು ತಂದುಕೊಂಡಳು. ಈಗ ನಮ್ಮ ಹಿತ್ತಲಲ್ಲೇ ಅವಳದೊಂದು ಪುಟ್ಟ ನರ್ಸರಿ ಇದೆ. ಹೆಗಡೇರೇ ಒಮ್ಮೊಮ್ಮೆ ಬಂದು ಗಿಡ ಕೇಳುತ್ತಾರೆ. ಹಳೆಯ ಚಾಕನ್ನು ಅವಳು ಜಗಲಿಯ ನೆಲದ ಮೇಲೆ ಇಟ್ಟು "ತಗ" ಎಂದಳು. ನಾನು ಬಗ್ಗಿ ಎತ್ತಿಕೊಂಡೆ.

ಪಪ್ಪಾಯಿ ಮುಗಿದಿತ್ತು. ಬಸಣ್ಣ ಸಿಪ್ಪೆ ಬಳಿದು ಕಾಗದಕ್ಕೆ ಹಾಕುತ್ತಿದ್ದ. ಭಟ್ ಸರ್ ಬಾಯಿ ಒರೆಸಿಕೊಂಡು, "ಹೇಳ್ಲೇ ಇಲ್ಲ ನೀವು. ಎಷ್ಟು ಕೊಟ್ರಿ?" ಎಂದು ಮತ್ತೆ ಕೇಳಿದರು. ಮರೆಯುವ ಪೈಕಿಯಲ್ಲ ಅವರು, ಸಿದ್ದಾಪುರದವರು.

ಅಲಗನ್ನು ಕರವಸ್ತ್ರದಲ್ಲಿ ಒರೆಸಿ ಮಡಚಿದೆ. ಅದು ಪುಸ್ ಎಂದಿತು.

"ನಾನೂರ ಎಂಬತ್ತು" ಎಂದೆ.

ಶಾಂತಾ ಮೇಡಂ "ನಾ ಹೇಳಿದ್ದೇ ಸರಿ" ಎಂಬಂತೆ ಎಲ್ಲರನ್ನೂ ನೋಡಿದರು. ಭಟ್ ಸರ್ ಒಂದು ಗಳಿಗೆ ಮೇಲೆ ಸೂರಿನ ಕಡೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಮ್ಮೂರ ಕಡೆಯ ಹೆಂಗಸು ಹೇಳಿದ ಬೆಲೆಯನ್ನು ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಬೇಕಿಲ್ಲ.

"ಒಂಬೈನೂರ ಅರವತ್ತು!" ಎಂದು ಅವರು ಬೆಚ್ಚಿ, ಚಾಕಿನ ಕಡೆ ಕೈ ಮುಗಿಯುವವರಂತೆ ಬಾಗಿದರು. "ಮೋಸ ಹೋದ್ರಿ ಮೇಡಂ."

ನಾನು ಅಲ್ಲ ಎನ್ನಲಿಲ್ಲ. ಚಾಕನ್ನು ಬ್ಯಾಗಿನ ಒಳಕಿಸೆಗೆ ಇಳಿಸಿ, ಜಿಪ್ ಎಳೆದು, ಬೆಲ್ ಹೊಡೆಯಿತೆಂದು ಕ್ಲಾಸಿಗೆ ಹೊರಟೆ.